ಬಣ್ಣ ಹಿಡಿದ ನೂಲು

ಸುಖದುಃಖಗಳು ಬಾಳಿನಲ್ಲಿ ಹಾಸುಹೊಕ್ಕಾಗಿವೆ ಎಂದು ಕನ್ನಡಿಗರು ಹೇಳುವುದುಂಟು. ನೇಕಾರನ ಮನೆಯಲ್ಲಿ ಹುಟ್ಟಿದ ಈ ಮಾತು ಮಗ್ಗವನ್ನು ಕಣ್ಣಿನಿಂದಲೂ ಕಾಣದವರ ಬಾಯಲ್ಲಿ ಇಂದು ಸಲೀಸಾಗಿ ಬರುತ್ತದೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಲಾಳಿಯಿಂದ ಬಿಚ್ಚಿಕೊಳ್ಳುತ್ತ ಅಡ್ಡಡ್ಡಲಾಗಿ ಓಡಾಡುವ ಎಳೆ ಹೊಕ್ಕು. ಇವೆರಡೂ ಕೂಡಿದರೆ ಬಟ್ಟೆ. ಆದರೆ ಹಾಸೂ ಹೊಕ್ಕೂ ಮಗ್ಗವನ್ನು ಸೇರುವುದಕ್ಕೆ ಮೊದಲು ಮತ್ತೊಂದು ಮನೆಯನ್ನು ಹೊಕ್ಕು ಬಂದಿರುತ್ತವೆ. ಅದು ಬಣ್ಣದ ಮನೆ.

ಸೀರೆಯನ್ನು ಕೈಯಲ್ಲಿ ಹಿಡಿದವರು ಮೊದಲು ಮೆಚ್ಚುವುದು ಅದರ ಬಣ್ಣವನ್ನು. ಅನಂತರ, ನೇಯ್ದವರು ಯಾರೆಂದು ಕೇಳುತ್ತಾರೆ. ಬಣ್ಣ ಕೊಟ್ಟವರು ಯಾರೆಂದು ಕೇಳುವವರು ವಿರಳ. ನೇಕಾರನಿಗೆ ಕನ್ನಡ ಸಾಹಿತ್ಯದಲ್ಲಿ ಗೌರವದ ಸ್ಥಾನವಿದೆ. ಜೇಡರ ದಾಸಿಮಯ್ಯನು ನೇಯ್ಗೆಯ ಕಾಯಕವನ್ನು ನಡೆಸುತ್ತಲೇ ವಚನಗಳನ್ನು ರಚಿಸಿದ ಹಿರಿಯ. ನೂಲಿಗೆ ಬಣ್ಣ ಕೊಡುವವರಾದರೋ ಬಹುಮಟ್ಟಿಗೆ ಹೆಸರಿಲ್ಲದೆ ಉಳಿದವರು. ಅವರ ಕೆಲಸವೆಂಥದು, ಅದರ ಜಾಣ್ಮೆ ಎಲ್ಲಿದೆ, ಅದರ ಹೊರೆಯನ್ನು ಹೊರುವವರು ಯಾರು ಎಂಬುದು ಅರಿಯತಕ್ಕ ವಿಷಯ.

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕವು ಕೆಂಪೇಗೌಡರು ಕಟ್ಟಿಸಿದ ಬೆಂಗಳೂರಿಗಿಂತ ಹಳೆಯ ಊರು. 1537ರಲ್ಲಿ ಬೆಂಗಳೂರಿನ ಕೋಟೆಗೆ ಅಡಿಪಾಯ ಹಾಕಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ವಂಶದವರು. ಇಂದು ಆ ಊರಿನ ಪಕ್ಕದಲ್ಲಿಯೇ ವಿಮಾನ ನಿಲ್ದಾಣದ ಹೆದ್ದಾರಿ ಹಾದುಹೋಗುತ್ತದೆ. ಸುತ್ತಲೂ ಮುಗಿಲು ಮುಟ್ಟುವ ಕಟ್ಟಡಗಳು ಎದ್ದಿವೆ. ಆದರೆ ಹೆದ್ದಾರಿಯನ್ನು ಬಿಟ್ಟು ಹಳೆಯ ಊರಿನ ಒಳಬೀದಿಗಳಿಗೆ ತಿರುಗಿದರೆ ವಾಹನಗಳ ಸದ್ದು ಹಿಂದೆ ಸರಿದು, ಮನೆಮನೆಯ ಗೋಡೆಗಳ ಒಳಗಿನಿಂದ ಒಂದೇ ತಾಳದ ಬಡಿತ ಕೇಳಿಬರುತ್ತದೆ. ಅದು ರೇಷ್ಮೆ ಸೀರೆ ನೇಯುವ ವಿದ್ಯುತ್ ಮಗ್ಗಗಳ ಸದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ರೇಷ್ಮೆಯ ಬೆಳೆ ಬೇರೂರಿತು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕಬ್ಬನ್‌ಪೇಟೆಯಂಥ ಬೀದಿಗಳು ನೇಯ್ಗೆಗೆ ಹೆಸರಾದುವು. ಉತ್ತರದಲ್ಲಿ ಯಲಹಂಕವೂ ಅದರಾಚೆಯ ದೊಡ್ಡಬಳ್ಳಾಪುರವೂ ನೇಕಾರರ ನೆಲೆಗಳಾದುವು. ಇಂಥ ಊರುಗಳ ಬೀದಿಯಲ್ಲಿ ಬಣ್ಣದ ಮನೆಯನ್ನು ಹುಡುಕಲು ವಿಳಾಸ ಬೇಕಿಲ್ಲ. ಅಂಗಳದ ಬಿದಿರುಗಳುಗಳ ಮೇಲೆ ಗಿಣಿಹಸಿರು, ಅರಿಸಿನ, ನೇರಳೆ, ಕನಕಾಂಬರ ಬಣ್ಣದ ರೇಷ್ಮೆಯ ಲಡಿಗಳು ಸಾಲಾಗಿ ತೂಗಾಡುತ್ತಿದ್ದರೆ ಅದೇ ಬಣ್ಣದ ಮನೆ.

ಬಟ್ಟೆಗೆ ಬಣ್ಣ ಬರುವ ದಾರಿ ಒಂದೇ ಅಲ್ಲ. ನೇಯ್ದ ಬಟ್ಟೆಯನ್ನು ಬಣ್ಣದಲ್ಲಿ ಅದ್ದಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಯ ಹೆಸರಾಂತ ಕ್ರೇಪ್ ಸೀರೆಗಳಿಗೆ ಬಣ್ಣ ಬರುವುದು ನೇಯ್ಗೆ ಮುಗಿದ ಮೇಲೆಯೇ. ಬಟ್ಟೆಯ ಮೇಲೆ ಅಚ್ಚು ಒತ್ತಿ ಚಿತ್ತಾರ ಬಿಡಿಸುವುದು ಎರಡನೆಯ ದಾರಿ. ಮೂರನೆಯದು, ನೇಯುವ ಮೊದಲೇ ನೂಲಿಗೆ ಬಣ್ಣ ಕೊಡುವುದು. ಅಂಚು ಒಂದು ಬಣ್ಣ, ಒಡಲು ಇನ್ನೊಂದು, ಸೆರಗು ಮತ್ತೊಂದು ಆಗಬೇಕಾದ ಸೀರೆಗೆ ಈ ಮೂರನೆಯ ದಾರಿಯೇ ಒಗ್ಗುತ್ತದೆ.

ಈ ಭೇದವನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಅಚ್ಚು ಒತ್ತಿದ ಬಟ್ಟೆಯನ್ನು ತಿರುವಿ ಹಾಕಿದರೆ ಹಿಂಬದಿ ಸಾಮಾನ್ಯವಾಗಿ ಮಂಕಾಗಿರುತ್ತದೆ. ನೂಲಿಗೇ ಬಣ್ಣ ಕೊಟ್ಟು ನೇಯ್ದ ಬಟ್ಟೆಯಲ್ಲಿ ಎಳೆಯ ಒಳಗೂ ಹೊರಗೂ ಬಣ್ಣವೇ. ಬಟ್ಟೆಯ ಕೊನೆಯಿಂದ ಒಂದು ಎಳೆಯನ್ನು ಮೆಲ್ಲನೆ ಎಳೆದು ಬೆಳಕಿಗೆ ಹಿಡಿದರೆ ಈ ಸಂಗತಿ ಕಣ್ಣಿಗೆ ಕಾಣುತ್ತದೆ. ನವಿಲುಗತ್ತಿನ ಬಣ್ಣವೆಂದು ಹೆಂಗಳೆಯರು ಕರೆಯುವ ಸೀರೆಯಲ್ಲಿ ಹೀಗೆ ಎಳೆ ಬಿಡಿಸಿದವರಿಗೆ ಅಚ್ಚರಿ ಕಾದಿರುತ್ತದೆ. ಅಲ್ಲಿ ನವಿಲುಗತ್ತಿನ ಬಣ್ಣದ ನೂಲು ಒಂದೂ ಇರುವುದಿಲ್ಲ! ಹಾಸು ನೀಲಿ, ಹೊಕ್ಕು ಹಸಿರು, ಅಷ್ಟೆ. ಉಟ್ಟವರು ನಡೆದಾಡಿದಾಗ ನೆರಿಗೆಗಳು ಅತ್ತಿತ್ತ ವಾಲಿ, ಒಮ್ಮೆ ನೀಲಿ ಮುಂದೆ ಬರುತ್ತದೆ, ಒಮ್ಮೆ ಹಸಿರು. ಎರಡು ಬೇರೆ ಬೇರೆ ಬಣ್ಣಗಳ ನಡುವೆ ಹುಟ್ಟುವ ಈ ಮೂರನೆಯ ಹೊಳಪನ್ನು ಮಗ್ಗಕ್ಕೆ ಮುಂಚೆಯೇ ಮನಸ್ಸಿನಲ್ಲಿ ಕಂಡವರು ಆ ನೂಲಿಗೆ ಬಣ್ಣ ಕೊಡಿಸಿರುತ್ತಾರೆ.

ಬಣ್ಣದ ಮನೆಗೆ ಬರುವ ಕಚ್ಚಾ ರೇಷ್ಮೆಗೆ ಹೊಳಪಿಲ್ಲ. ಮುಟ್ಟಿದರೆ ಒರಟು. ರೇಷ್ಮೆಹುಳು ತನ್ನ ಎಳೆಯ ಸುತ್ತ ಒಂದು ಬಗೆಯ ಅಂಟನ್ನು ಸುತ್ತಿರುತ್ತದೆ. ಒಳಗಿನ ಎಳೆಗೆ ಫೈಬ್ರಾಯಿನ್ ಎಂದೂ ಹೊರಗಿನ ಅಂಟಿಗೆ ಸೆರಿಸಿನ್ ಎಂದೂ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ, ಎರಡೂ ಪ್ರೋಟೀನುಗಳೇ. ಸಾಬೂನು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಲಡಿಗಳನ್ನು ಬೇಯಿಸಿದಾಗ ಅಂಟು ಕರಗಿ, ಒಳಗಿನ ನುಣುಪು ಹೊರಬರುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆ ಬೆಂದು ಒಣಗಿದ ಮೇಲೆ ಸುಮಾರು 750ರಿಂದ 800 ಗ್ರಾಂ ತೂಗುತ್ತದೆ. ಕಳೆದುಕೊಂಡ ಈ ಕಾಲುಭಾಗದಿಂದಲೇ ಅದಕ್ಕೆ ಹೊಳಪು ಬಂದಿತು. ಇಲ್ಲಿ ನೀರಿನ ಗುಣವೂ ಮುಖ್ಯ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಸಾಬೂನು ನೊರೆಗೊಡದೆ ಗಷ್ಟಾಗಿ ಎಳೆಗೆ ಅಂಟಿಕೊಳ್ಳುತ್ತದೆ. ಅಂಟು ಅಲ್ಲಲ್ಲಿ ಉಳಿದರೆ ಆಮೇಲೆ ಎಷ್ಟು ಒಳ್ಳೆಯ ಬಣ್ಣ ಕೊಟ್ಟರೂ ನೂಲು ಮಚ್ಚೆಮಚ್ಚೆಯಾಗುತ್ತದೆ. ಆದ್ದರಿಂದ ಬಣ್ಣಗಾರನ ಮೊದಲ ಪಾಠ ಬಣ್ಣವಲ್ಲ, ನೀರು.

ಅನಂತರ ಬಣ್ಣದ ತೊಟ್ಟಿ. ಬಣ್ಣದ ಪುಡಿಯನ್ನು ತೂಗಿ, ಬಿಸಿನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಸುರಿಯುತ್ತಾರೆ. ಕೋಲುಗಳಿಗೆ ಪೋಣಿಸಿದ ಲಡಿಗಳನ್ನು ಅದರಲ್ಲಿ ಇಳಿಬಿಟ್ಟು, ಒಂದೇ ಸಮನೆ ತಿರುಗಿಸುತ್ತಿರುತ್ತಾರೆ. ನೀರು ಮೊದಲು ಉಗುರುಬೆಚ್ಚಗಿರಬೇಕು. ಶಾಖ ನಿಧಾನವಾಗಿ ಏರಬೇಕು. ಅವಸರ ಮಾಡಿ ಉರಿಯನ್ನು ಹೆಚ್ಚಿಸಿದರೆ ಹೊರಗಿನ ಎಳೆಗಳು ಬಣ್ಣವನ್ನೆಲ್ಲ ಕುಡಿದು ಒಳಗಿನವು ಬಿಳಚಿಕೊಳ್ಳುತ್ತವೆ. ತಕ್ಕ ಸಮಯದಲ್ಲಿ ಅಸಿಟಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾರೆ. ಆಮ್ಲದ ಸಹವಾಸದಲ್ಲಿ ರೇಷ್ಮೆಯ ಪ್ರೋಟೀನಿನ ಕೆಲವು ಭಾಗಗಳಿಗೆ ಧನ ವಿದ್ಯುದಂಶ ಬರುತ್ತದೆ. ಬಣ್ಣದ ಕಣಗಳಲ್ಲಿರುವುದು ಋಣ ವಿದ್ಯುದಂಶ. ಒಂದು ಇನ್ನೊಂದನ್ನು ಸೆಳೆಯುತ್ತದೆ. ಇದನ್ನು ರಸಾಯನಶಾಸ್ತ್ರವು ಬಂಧವೆಂದು ಕರೆದರೆ, ಬಣ್ಣದ ಮನೆಯವರು ‘ಬಣ್ಣ ಹಿಡಿಯಿತು’ ಎನ್ನುತ್ತಾರೆ. ಎರಡು ಮಾತಿನ ಅರ್ಥವೂ ಒಂದೇ.

ಬಣ್ಣ ಹಿಡಿದುದಕ್ಕೆ ಗುರುತು ಯಾವುದು? ಹೊಸಬನು ನೂಲನ್ನು ನೋಡುತ್ತಾನೆ. ನುರಿತವನು ನೀರನ್ನು ನೋಡುತ್ತಾನೆ. ಕಡುಗೆಂಪಾಗಿದ್ದ ತೊಟ್ಟಿಯ ನೀರು ಹೊತ್ತು ಕಳೆದಂತೆ ತೆಳುವಾಗುತ್ತ, ಕೊನೆಗೆ ಬಹುಮಟ್ಟಿಗೆ ತಿಳಿಯಾದರೆ, ಕೊಟ್ಟ ಬಣ್ಣ ನೂಲಿಗೆ ಸೇರಿತೆಂದು ಅರ್ಥ. ನೀರಿನಲ್ಲಿ ಉಳಿದ ಬಣ್ಣವೆಂದರೆ ನೂಲಿಗೆ ಸಲ್ಲದ ಬಣ್ಣ. ಅಷ್ಟರಮಟ್ಟಿಗೆ ಕೆಲಸ ಕೆಟ್ಟಂತೆ. ಒಳ್ಳೆಯ ಬಣ್ಣಗಾರನ ಕೈಗುಣವನ್ನು ತೊಟ್ಟಿಯಲ್ಲಿ ಉಳಿದ ನೀರು ಸಾರಿ ಹೇಳುತ್ತದೆ.

ಕೈಗಿಂತಲೂ ದೊಡ್ಡದು ಕಣ್ಣಿನ ಕೆಲಸ. ಹಸಿ ನೂಲಿನ ಬಣ್ಣ ಒಣಗಿದಾಗ ಇರುವುದಿಲ್ಲ. ಒದ್ದೆಯಾಗಿರುವಾಗ ಗಾಢವಾಗಿ ಕಂಡದ್ದು ಆರಿದ ಮೇಲೆ ತಿಳಿಯಾಗುತ್ತದೆ. ಬಿಸಿಲಿನಲ್ಲಿ ಒಂದೇ ಎಂದು ಕಂಡ ಎರಡು ಎಳೆಗಳು ದೀಪದ ಕೆಳಗೆ ಬೇರೆ ಬೇರೆಯಾಗಿ ಕಾಣುವುದೂ ಉಂಟು. ಆದುದರಿಂದ ಬಣ್ಣಗಾರನು ತೊಟ್ಟಿಯಿಂದ ಒಂದೆರಡು ಎಳೆಗಳನ್ನು ತೆಗೆದು, ಹಿಂಡಿ, ಒಣಗಿಸಿ, ಹಗಲು ಬೆಳಕಿಗೆ ಹಿಡಿದು ಮಾದರಿಯೊಡನೆ ಹೋಲಿಸುತ್ತಾನೆ. ಇಲ್ಲಿ ಕಣ್ಣು ತಪ್ಪಿದರೆ ನಷ್ಟ ಅವನೊಬ್ಬನದೇ ಅಲ್ಲ. ಒಂದು ಹಾಸಿನಿಂದ ಹಲವು ಸೀರೆಗಳನ್ನು ನೇಯುವುದು ವಾಡಿಕೆ. ಆ ಹಾಸಿನಲ್ಲಿ ಒಂದೇ ಒಂದು ಲಡಿಯ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ, ನೇಯ್ದ ಅಷ್ಟೂ ಸೀರೆಗಳಲ್ಲಿ ಉದ್ದಕ್ಕೆ ಒಂದು ಪಟ್ಟೆ ಎದ್ದು ಕಾಣುತ್ತದೆ. ಅದನ್ನು ವ್ಯಾಪಾರಿ ಹಿಂದಕ್ಕೆ ತಳ್ಳಿದರೆ, ಸಾಲ ಮಾಡಿ ರೇಷ್ಮೆ ಕೊಂಡ ನೇಕಾರನ ಮನೆಯ ಒಲೆಗೆ ಅದರ ಬಿಸಿ ತಟ್ಟುತ್ತದೆ.

ಮದುವೆಯ ಕಾಲ ಬಂದಿತೆಂದರೆ ಬಣ್ಣದ ಮನೆಯ ಬಾಗಿಲಲ್ಲಿ ಇಂಥ ಮಾತುಕತೆ ಸಾಮಾನ್ಯ. ನೇಕಾರರ ಮನೆಯ ಹೆಂಗಸೊಬ್ಬಳು ಹಳೆಯ ಸೀರೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾಳೆ.

“ಅಣ್ಣಾ, ಇದೇ ಬಣ್ಣ ಬರಬೇಕು. ಮಗಳ ಮದುವೆಗೆ. ಇದು ನಮ್ಮತ್ತೆಯವರ ಧಾರೆ ಸೀರೆ.”

ಮುದುಕ ಬಣ್ಣಗಾರನು ಸೀರೆಯನ್ನು ಹಿಡಿದು ಹೊಸ್ತಿಲ ಹೊರಗೆ ಬರುತ್ತಾನೆ.

“ಒಳಗಿನ ದೀಪ ನಂಬಬೇಡಿ ತಾಯಿ, ಇಲ್ಲಿ ಬನ್ನಿ. ಇದೇ ಬಣ್ಣ ಅಂದರೆ ಯಾವ ಬಣ್ಣ? ಈಗ ಇರುವುದೋ, ನಿಮ್ಮತ್ತೆ ಉಟ್ಟ ದಿನ ಇದ್ದದ್ದೋ?”

ಅವಳಿಗೆ ಉತ್ತರ ತೋಚುವುದಿಲ್ಲ. ಮುದುಕನು ಸೆರಗಿನ ಕೊನೆಯಲ್ಲಿ ಮಡಿಸಿ ಹೊಲಿದ ಭಾಗವನ್ನು ಸೂಜಿಯಿಂದ ನಾಲ್ಕು ಬೆರಳಗಲ ಬಿಡಿಸುತ್ತಾನೆ. ವರುಷಗಟ್ಟಲೆ ಬೆಳಕು ಕಾಣದ ಆ ಮಡಿಕೆಯಲ್ಲಿ ಬಣ್ಣವು ನಿನ್ನೆ ಅದ್ದಿದಂತೆ ಕೆಂಪಾಗಿರುತ್ತದೆ. ಹೊರಗಿನ ಸೀರೆ ಅದರ ಮುಂದೆ ಇಟ್ಟಿಗೆಯ ಬಣ್ಣಕ್ಕಿಳಿದಿರುತ್ತದೆ.

“ಅಯ್ಯೋ, ಇಷ್ಟು ಚೆನ್ನಾಗಿತ್ತೇ ಇದು!” ಎನ್ನುತ್ತಾಳೆ ಅವಳು.

“ನಿಮ್ಮ ಮಗಳಿಗೆ ಇದನ್ನು ಕೊಡೋಣ. ಮೇಲಿನದನ್ನು ಕಾಲ ಕೊಡುತ್ತದೆ” ಎಂದು ಮುದುಕನು ಎರಡು ಎಳೆಗಳನ್ನು ಬಿಡಿಸಿ ಚೀಟಿಯಲ್ಲಿ ಸುತ್ತಿಟ್ಟುಕೊಳ್ಳುತ್ತಾನೆ.

ಇಂಥ ಕಣ್ಣು ಒಂದು ದಿನದಲ್ಲಿ ಬರುವುದಲ್ಲ. ಹಾಗಿದ್ದೂ ಬಣ್ಣಕ್ಕೆ ಹೆಸರು ಬಂದಾಗ ಅದು ಇವರ ಪಾಲಿಗೆ ಬರುವುದಿಲ್ಲ. ದಕ್ಷಿಣ ಭಾರತದ ರೇಷ್ಮೆ ಅಂಗಡಿಗಳಲ್ಲಿ ‘ಎಂ.ಎಸ್. ನೀಲಿ’ ಎಂಬ ಬಣ್ಣ ಪ್ರಸಿದ್ಧ. ಸಂಗೀತ ವಿದುಷಿ ಎಂ. ಎಸ್. ಸುಬ್ಬುಲಕ್ಷ್ಮಿ ಅವರು ಉಡುತ್ತಿದ್ದ ಕಂಚಿ ಸೀರೆಯಿಂದ ಬಂದ ಹೆಸರು ಅದು. ಆ ಗೌರವ ಅವರಿಗೆ ಸಲ್ಲತಕ್ಕದ್ದೇ ಸರಿ. ಆದರೆ ಆ ನೀಲಿಗಾಗಿ ತೊಟ್ಟಿಯ ಬಳಿ ನಿಂತು ಲಡಿ ತಿರುಗಿಸಿದ ಕೈಗಳನ್ನು ಅಂಗಡಿಯಲ್ಲಿ ಯಾರೂ ನೆನೆಯುವುದಿಲ್ಲ. ಬಣ್ಣಗಾರ, ನೀಲಗಾರ, ರಂಗರೇಜ ಎಂಬ ಮನೆತನದ ಹೆಸರುಗಳು ಮಾತ್ರ ನಾಡಿನಲ್ಲಿ ಉಳಿದು, ಈ ಕಸುಬು ಎಷ್ಟು ಹಳೆಯದೆಂಬುದನ್ನು ನೆನಪಿಸುತ್ತವೆ.

ನಿಜಕ್ಕೂ ಇದು ಬಹು ಹಳೆಯ ವಿದ್ಯೆ. ಸಿಂಧೂ ಬಯಲಿನ ಮೊಹೆಂಜೊದಾರೊವಿನ ಅಗೆತದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಹತ್ತಿಯ ಬಟ್ಟೆಯ ಚೂರು ಸಿಕ್ಕಿತು; ಅದಕ್ಕೆ ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪು ಬಣ್ಣ ಕೊಟ್ಟಿದ್ದರು. ನಾಲ್ಕು ಸಾವಿರ ವರ್ಷಗಳ ಹಿಂದಿನ ಮಾತು ಅದು. ಬೇರನ್ನು ಕುದಿಸಿದ ಮಾತ್ರಕ್ಕೆ ಹತ್ತಿಗೆ ಬಣ್ಣ ಹಿಡಿಯುವುದಿಲ್ಲ, ಒಗೆದರೆ ಹೋಗುತ್ತದೆ. ಪಟಿಕದ ನೀರಿನಲ್ಲಿ ಮೊದಲು ನೆನೆಸಿದ ನೂಲಿಗೆ ಅದೇ ಬಣ್ಣ ಬಿಡದಂತೆ ಕಚ್ಚಿಕೊಳ್ಳುತ್ತದೆ. ಪಟಿಕದ ಬದಲು ಕಬ್ಬಿಣದ ಅಂಶವಿದ್ದರೆ ಅದೇ ಬೇರು ಕೆಂಪಿಗೆ ಬದಲಾಗಿ ಕಪ್ಪಿನತ್ತ ತಿರುಗುವ ಬಣ್ಣವನ್ನು ಕೊಡುತ್ತದೆ. ನೀಲಿಯ ರೀತಿಯೇ ಬೇರೆ. ನೀಲಿಗಿಡದ ಎಲೆಯನ್ನು ಕೊಳೆಸಿ ತೆಗೆದ ಬಣ್ಣ ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನು ಹುಳಿಹಿಡಿಸಿ ಕರಗಿಸಿದ ತೊಟ್ಟಿಯಲ್ಲಿ ಅದ್ದಿದ ನೂಲು ಹಸಿರು ಹಳದಿಯಾಗಿ ಹೊರಬರುತ್ತದೆ. ಗಾಳಿ ತಾಕಿದೊಡನೆ ನೋಡನೋಡುತ್ತಿರುವಂತೆ ನೀಲಿಯಾಗುತ್ತದೆ! ಇದನ್ನೆಲ್ಲ ಪುಸ್ತಕದ ಸಹಾಯವಿಲ್ಲದೆ ಕಂಡುಕೊಂಡವರ ಬುದ್ಧಿಗೆ ತಲೆಬಾಗಬೇಕು.

ಈ ಬೇರು ಎಲೆಗಳ ಲೋಕ 1856ರಲ್ಲಿ ಬದಲಾಯಿತು. ಲಂಡನ್ನಿನಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿ, ರಜೆಯ ದಿನಗಳಲ್ಲಿ ಮನೆಯ ಪ್ರಯೋಗಶಾಲೆಯಲ್ಲಿ ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ತಯಾರಿಸಲು ಹೊರಟಿದ್ದ. ಮದ್ದು ಸಿಗಲಿಲ್ಲ, ಪಾತ್ರೆಯ ತಳದಲ್ಲಿ ಕಪ್ಪು ಗಷ್ಟು ಉಳಿಯಿತು. ಅದನ್ನು ಚೆಲ್ಲುವ ಬದಲು ಪರೀಕ್ಷಿಸಿದಾಗ ನೇರಳೆ ಬಣ್ಣವೊಂದು ಹೊರಬಂದಿತು. ಅದರಿಂದ ಬಣ್ಣ ಹಿಡಿದ ರೇಷ್ಮೆಯ ಮಾದರಿಯನ್ನು ಅವನು ಸ್ಕಾಟ್ಲೆಂಡಿನ ಬಣ್ಣದ ಕಾರ್ಖಾನೆಯೊಂದಕ್ಕೆ ಕಳುಹಿಸಿ ಅಭಿಪ್ರಾಯ ಕೇಳಿದ. ಕಲ್ಲಿದ್ದಲಿನ ಡಾಂಬರಿನಿಂದ ಬಣ್ಣ ತೆಗೆಯುವ ಯುಗ ಹೀಗೆ ತೊಡಗಿತು. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ ಎಂಬ ವಿಜ್ಞಾನಿಗಳು ಮಂಜಿಷ್ಠದ ಕುಲದ ಬೇರಿನ ಕೆಂಪನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು.

ಆ ನೀಲಿಯ ಹಿಂದೆ ಕಣ್ಣೀರಿನ ಕತೆಯೂ ಇದೆ. ಬಿಹಾರದ ಚಂಪಾರಣ್ಯದಲ್ಲಿ ರೈತನು ಪ್ರತಿ 20 ಪಾಲು ನೆಲದಲ್ಲಿ 3 ಪಾಲನ್ನು ಬಿಳಿಯ ತೋಟಗಾರರಿಗಾಗಿ ನೀಲಿಗೆ ಮೀಸಲಿಡಬೇಕಾಗಿತ್ತು. ಕೃತಕ ನೀಲಿ ಬಂದು ಬೆಲೆ ಕುಸಿದಾಗ, ಆ ನಷ್ಟವನ್ನೂ ರೈತನ ತಲೆಗೇ ಕಟ್ಟಿದರು. 1917ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋದುದು ಈ ಅನ್ಯಾಯವನ್ನು ವಿಚಾರಿಸಲೆಂದೇ. ಬಟ್ಟೆಯ ಬಣ್ಣವನ್ನು ಕಂಡವರಿಗೆ ಅದರ ಬೆಲೆಯನ್ನು ತೆತ್ತವರು ಕಾಣುವುದಿಲ್ಲವೆಂಬುದಕ್ಕೆ ಚಂಪಾರಣ್ಯಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಒಂದು ಲಡಿಗೆ ಒಂದೇ ಬಣ್ಣ ಕೊಡುವುದರಲ್ಲಿಯೇ ಇಷ್ಟು ಶ್ರಮವಿರುವಾಗ, ಒಂದೇ ಎಳೆಗೆ ಹಲವು ಬಣ್ಣ ಕೊಡುವ ಸಾಹಸವನ್ನೂ ಮನುಷ್ಯನು ಮಾಡಿದ್ದಾನೆ. ಗುಜರಾತಿನ ಪಾಟಣದಲ್ಲಿ ಪಟೋಲ ನೇಯುವ ಸಾಳ್ವಿ ಮನೆತನದವರು, ತೆಲಂಗಾಣದ ಪೋಚಂಪಲ್ಲಿಯವರು, ಒಡಿಶಾದ ನೇಕಾರರು ಎಳೆಗಳ ಗೊಂಚಲನ್ನು ಅಳತೆ ಮಾಡಿ, ಬಣ್ಣ ಬೇಡವಾದ ಕಡೆ ದಾರದಿಂದ ಬಿಗಿದು ಕಟ್ಟಿ ತೊಟ್ಟಿಯಲ್ಲಿ ಅದ್ದುತ್ತಾರೆ. ಕಟ್ಟಿದಲ್ಲಿ ಬಣ್ಣ ಹೋಗುವುದಿಲ್ಲ. ಮತ್ತೆ ಬಿಚ್ಚಿ, ಮತ್ತೆ ಕಟ್ಟಿ, ಮತ್ತೊಂದು ಬಣ್ಣದಲ್ಲಿ ಅದ್ದುತ್ತಾರೆ. ಇದಕ್ಕೆ ಜಗತ್ತಿನಲ್ಲೆಲ್ಲ ಬಳಕೆಯಾಗುವ ‘ಇಕತ್’ ಎಂಬ ಹೆಸರು ಮಲಯ ಭಾಷೆಯ ‘ಕಟ್ಟು’ ಎಂಬ ಅರ್ಥದ ಮಾತಿನಿಂದ ಬಂದುದು. ನೇಯುವಾಗ ಆನೆ, ಹೂವು, ಗಿಳಿಗಳು ಎಳೆಯಿಂದ ಎಳೆಗೆ ತಾವಾಗಿಯೇ ಮೂಡುತ್ತ ಬರುತ್ತವೆ.

ಎರಡನೆಯ ಉಪಾಯ ಕುಂಚದ್ದು. ನೆನೆಸಿ ಹಿಂಡಿದ ಲಡಿಯನ್ನು ಹಾಸಿ, ಅದರ ಮೇಲೆ ಕುಂಚದಿಂದ ಬೇಕಾದಲ್ಲಿ ಬೇಕಾದ ಬಣ್ಣವನ್ನು ಹಚ್ಚಿ, ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಎರಡು ಬಣ್ಣಗಳು ಸೇರುವ ಗಡಿಯಲ್ಲಿ ಅವು ಒಂದರೊಳಗೊಂದು ಹರಿದು ಮೂರನೆಯದನ್ನು ಹುಟ್ಟಿಸುತ್ತವೆ. ಹೀಗೆ ಚಿತ್ರಿಸಿದ ನೂಲನ್ನು ಹಾಸಿನಲ್ಲಿಟ್ಟರೆ ಬಣ್ಣಗಳು ಬಟ್ಟೆಯ ಉದ್ದಕ್ಕೆ ಹೊಳೆಯಂತೆ ಹರಿಯುತ್ತವೆ. ಹೊಕ್ಕಿನಲ್ಲಿಟ್ಟರೆ ಅಡ್ಡಡ್ಡ ಮಿಂಚುತ್ತವೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಜಪಾನಿನ ಮೆಯ್‌ಸೆನ್ ರೇಷ್ಮೆಯವರು ಹಾಸನ್ನು ತಾತ್ಕಾಲಿಕವಾಗಿ ಸಡಿಲವಾಗಿ ನೇಯ್ದು, ಕತ್ತರಿಸಿದ ಕಾಗದದ ಅಚ್ಚಿಟ್ಟು ಬಣ್ಣ ಹಚ್ಚಿ, ಆ ತಾತ್ಕಾಲಿಕ ಹೊಕ್ಕನ್ನು ಬಿಡಿಸುತ್ತ ನಿಜವಾದ ಬಟ್ಟೆಯನ್ನು ನೇಯುತ್ತಿದ್ದರು.

ಕನ್ನಡ ನಾಡಿನ ಇಳಕಲ್ಲಿನ ನೇಕಾರರು ಹಿಡಿದ ದಾರಿ ಇವೆರಡಕ್ಕೂ ಬೇರೆ. ಒಡಲಿನ ಹಾಸಿಗೆ ಒಂದು ಬಣ್ಣ, ಸೆರಗಿನ ಹಾಸಿಗೆ ಕೆಂಪು ರೇಷ್ಮೆ ಬೇಕು. ಎಳೆಯನ್ನು ಅವರು ಕಟ್ಟಿ ಅದ್ದಲೂ ಇಲ್ಲ, ಕುಂಚದಿಂದ ಬಳಿಯಲೂ ಇಲ್ಲ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸಿಬಿಟ್ಟರು! ಸಾವಿರಾರು ಕೊಂಡಿಗಳು, ಒಂದು ಸೀರೆಗೆ ಒಂದು ಹಾಸು. ಆ ತಾಳ್ಮೆಯೇ ಇಳಕಲ್ ಸೀರೆಯ ಗುರುತಾಯಿತು. ಕಟ್ಟುವ ಕೈ, ಬಳಿಯುವ ಕೈ, ಜೋಡಿಸುವ ಕೈ ಬೇರೆ ಬೇರೆಯಾದರೂ ಬಣ್ಣವು ನೂಲಿನಲ್ಲಿಯೇ ಇರಬೇಕೆಂಬ ಹಟ ಮಾತ್ರ ಒಂದೇ.

ಇಷ್ಟೆಲ್ಲ ಬಣ್ಣ ಹಿಡಿದ ನೂಲನ್ನು ಕೊನೆಗೆ ತೊಳೆಯಲೇಬೇಕು. ಆ ನೀರು ಎಲ್ಲಿಗೆ ಹೋಗುತ್ತದೆ? ಬಣ್ಣದ ಕಸುಬಿನ ಅತ್ಯಂತ ಕಠಿಣವಾದ ಪ್ರಶ್ನೆ ಇದು. ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿ ಮಳೆನೀರನ್ನು ಹಿಡಿದು ಬಾಳಿದರು. ಯಲಹಂಕದ ನೀರು ಜಕ್ಕೂರು ಕೆರೆಯತ್ತ, ಅಲ್ಲಿಂದ ರಾಚೇನಹಳ್ಳಿಯತ್ತ ಇಳಿಯುತ್ತದೆ. ಮೇಲಿನ ಊರಿನ ಚರಂಡಿಗೆ ಬಿಟ್ಟದ್ದು ಕೆಳಗಿನ ಊರಿನ ಕೆರೆಯನ್ನು ಸೇರದೆ ಇರದು. ನೀರಿನಲ್ಲಿ ಬಣ್ಣ ಕದಡಿದರೆ ಸೂರ್ಯನ ಬೆಳಕು ಒಳಗೆ ಇಳಿಯುವುದಿಲ್ಲ. ಬೆಳಕಿಲ್ಲದೆ ನೀರಿನ ಸಸ್ಯಗಳು ಬಾಳವು. ಅವು ಬಾಳದಿದ್ದರೆ ಮೀನುಗಳಿಗೂ ಉಳಿವಿಲ್ಲ.

ಇದು ಬರಿಯ ಭಯದ ಮಾತಲ್ಲ. ಕೆಲವು ಆಜೋ ಬಣ್ಣಗಳು ಒಡೆದಾಗ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳು ಹುಟ್ಟುತ್ತವೆಂದು ತಿಳಿದುಬಂದುದರಿಂದ ಜರ್ಮನಿಯು 1994ರಲ್ಲಿಯೂ ಭಾರತ ಸರ್ಕಾರವು 1997ರಲ್ಲಿಯೂ ಅವನ್ನು ನಿಷೇಧಿಸುವ ಕ್ರಮ ಕೈಗೊಂಡುವು. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಗಳ ನೀರು ನೊಯ್ಯಲ್ ನದಿಯನ್ನು ಸೇರಿ, ಅದರ ಕೆಳಗಿನ ಹೊಲಗಳು ಕೆಟ್ಟುವು. ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರ ಜನವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು, ಕೊಳಕು ನೀರನ್ನು ಒಂದು ತೊಟ್ಟೂ ಹೊರಗೆ ಬಿಡದ ವ್ಯವಸ್ಥೆ ಆಗುವವರೆಗೆ ಅಲ್ಲಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಆಜ್ಞೆ ಮಾಡಿತು. ಅಂದು ರೈತನ ಕಷ್ಟವೂ ನಿಜ, ಕೆಲಸ ಕಳೆದುಕೊಂಡ ಕೂಲಿಕಾರನ ಕಷ್ಟವೂ ನಿಜ. ಹೊಲವನ್ನು ಕೆಡಿಸಿ ಬಣ್ಣ ಉಳಿಯಲಾರದು. ಒಲೆಯನ್ನು ಆರಿಸಿ ನೀರನ್ನು ಉಳಿಸುವುದೂ ಪೂರ್ಣ ನ್ಯಾಯವಲ್ಲ.

ಸಸ್ಯದ ಬಣ್ಣಕ್ಕೆ ಮರಳಿದರೆ ಎಲ್ಲವೂ ಸರಿಹೋದೀತೆಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯಾಂಶವಿದ್ದರೂ ಅದೊಂದೇ ದಾರಿಯಾಗದು. ಎಲ್ಲರ ಬಟ್ಟೆಗೂ ಸಾಲುವಷ್ಟು ಬೇರು ಎಲೆಗಳನ್ನು ಬೆಳೆಯಲು ಅನ್ನ ಬೆಳೆಯುವ ನೆಲವನ್ನೇ ಕೇಳಬೇಕಾಗುತ್ತದೆ. ಬಣ್ಣ ಹಿಡಿಸಲು ಲೋಹದ ಲವಣವನ್ನು ಬಳಸಿದರೆ ಆ ನೀರೂ ಜಾಗ್ರತೆಯನ್ನು ಬೇಡುತ್ತದೆ. ಉಪಾಯ ಇನ್ನೂ ಹತ್ತಿರದಲ್ಲಿದೆ: ಪುಡಿಯನ್ನು ಕಣ್ಣಳತೆಯಲ್ಲಿ ಸುರಿಯದೆ ತೂಗಿ ಹಾಕುವುದು, ನಿಷಿದ್ಧ ಬಣ್ಣಗಳು ಅಗ್ಗವಾಗಿ ಸಿಕ್ಕರೂ ಮುಟ್ಟದಿರುವುದು, ಒಂದೊಂದು ಸಣ್ಣ ಮನೆಗೂ ನೀರು ಶುದ್ಧಿ ಮಾಡುವ ಯಂತ್ರದ ಖರ್ಚು ಹೊರಲಾರದ ಭಾರವಾದುದರಿಂದ ಹತ್ತಾರು ಮನೆಗಳು ಸೇರಿ ಒಂದು ವ್ಯವಸ್ಥೆ ಮಾಡಿಕೊಳ್ಳುವುದು, ಅದಕ್ಕೆ ಸರ್ಕಾರ ಹೆಗಲು ಕೊಡುವುದು. ಇದರ ಖರ್ಚಿನಲ್ಲಿ ಒಂದು ಪಾಲು ಸೀರೆಯ ಬೆಲೆಗೆ ಸೇರಿದರೆ, ಕೊಳ್ಳುವವರು ಅದನ್ನು ಗೊಣಗದೆ ಕೊಡುವುದೂ ಈ ಕೆಲಸದ ಒಂದು ಭಾಗ.

ಬಣ್ಣದ ಮನೆಯ ಹಳೆಯ ಪಾಠವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ನೋಡಬಹುದು. ತೊಟ್ಟಿಯ ನೀರು ತಿಳಿಯಾದರೆ ನೂಲಿಗೆ ಬಣ್ಣ ಹಿಡಿಯಿತೆಂದು ನುರಿತ ಬಣ್ಣಗಾರ ಹೇಳುತ್ತಾನೆ. ಆದರೆ ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲಿಯೂ ಆಮ್ಲವಿರುತ್ತದೆ, ಸಾಬೂನಿರುತ್ತದೆ, ಲವಣವಿರುತ್ತದೆ. ಹಿಂದಿನವರ ಕಣ್ಣು ತೊಟ್ಟಿಯ ಅಂಚಿನವರೆಗೆ ನೋಡಿದರೆ ಸಾಕಾಗಿತ್ತು. ಇಂದಿನ ಕಣ್ಣು ಚರಂಡಿಯನ್ನು ದಾಟಿ, ಕೆಳಗಿನ ಊರಿನ ಕೆರೆಯವರೆಗೆ ನೋಡಬೇಕಾಗಿದೆ. ಕೆರೆಯ ನೀರೂ ತಿಳಿಯಾಗಿ ಉಳಿದಾಗಲೇ ಆ ನೂಲಿಗೆ ಬಣ್ಣ ಸರಿಯಾಗಿ ಹಿಡಿದಂತೆ.

ಹೊಸ ಸೀರೆಯನ್ನು ಮಡಿಲಿಗೆ ತೆಗೆದುಕೊಂಡವರು ಒಂದು ಕ್ಷಣ ಅದರ ಅಂಚಿನ ಒಂದು ಎಳೆಯನ್ನು ದಿಟ್ಟಿಸಿ ನೋಡಿದರೆ ಸಾಕು. ಹುಳುವಿನ ಬಾಳು, ಒಲೆಯ ಉರಿ, ಆಮ್ಲದಿಂದ ಬಿರುಕುಬಿಟ್ಟ ಬೆರಳು, ಹಗಲು ಬೆಳಕಿಗೆ ಎಳೆ ಹಿಡಿದು ನೋಡಿದ ಮುದಿಕಣ್ಣು, ಒಂದಿಷ್ಟು ಕೆರೆಯ ನೀರು ಎಲ್ಲವೂ ಅದರಲ್ಲಿ ಹಾಸುಹೊಕ್ಕಾಗಿವೆ.